ಬಾಗು ಗಾಗಲ್ಲು, ಏಳುವ ಬುದ್ಧ

ಯಾದಗಿರಿ ಜಿಲ್ಲೆಯ ಬೇಸಿಗೆಯನ್ನು ಬೈಯುವವರೆಲ್ಲ ಸೆಕೆಯನ್ನೇ ಬೈಯುತ್ತಾರೆ. ಸೆಕೆಗೆ ಮಜ್ಜಿಗೆ ಇದೆ, ತಲೆಗೆ ಟವೆಲ್ ಇದೆ. ಕಣ್ಣಿನ ಪಾಡನ್ನು ಕೇಳುವವರಿಲ್ಲ. ಪಾರಾ 42 ದಾಟಿದ ದಿನ ಬೈಕೇರಿ ಯಾದಗಿರಿಯಿಂದ ಶಹಾಪುರದ ಕಡೆ ಹೊರಟು ನೋಡಿ. ಭೀಮಾ ಸೇತುವೆಯ ಕೆಳಗಿನ ಮರಳು, ಮುಂದಿನ ಡಾಂಬರು, ರಸ್ತೆಯಂಚಿಗೆ ಒಣಹಾಕಿದ ಭತ್ತ, ಎದುರಿಗೆ ಬರುವ ಟ್ರ್ಯಾಕ್ಟರಿನ ಬಾನೆಟ್ಟು, ಎಲ್ಲಕ್ಕೂ ಹೊಳೆಯುವುದೇ ಕಸುಬು.

ಬಿಸಿಲು ಎದುರಿನಿಂದಷ್ಟೇ ಬಂದಿದ್ದರೆ ಸಾದಾ ಕಪ್ಪು ಚಷ್ಮಾ ಸಾಕಿತ್ತು. ನಮ್ಮ ಕಡೆಯ ಬಿಸಿಲಿಗೆ ಸಂಕೋಚವಿಲ್ಲ. ಕಿವಿಯ ಪಕ್ಕದಿಂದ, ಹುಬ್ಬಿನ ಮೇಲಿನಿಂದ, ಗಲ್ಲದ ಕೆಳಗಿನಿಂದ, ಸಂದಿ ಸಿಕ್ಕಲ್ಲೆಲ್ಲ ನುಗ್ಗುತ್ತದೆ. ಅದಕ್ಕೇ ಈ ಕಿವಿಯಿಂದ ಆ ಕಿವಿಯವರೆಗೆ ಬಾಗಿ ಮುಖವನ್ನು ತಬ್ಬುವ ಗಾಗಲ್ಲು, ಕ್ರಿಕೆಟ್ ಆಟಗಾರರು ಹಾಕಿಕೊಳ್ಳುತ್ತಾರಲ್ಲ, ಅದು. ನಂಬರಿಲ್ಲದ ಭಾಗ್ಯವಂತರು ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆಗೆ ಹೋದಾಗ ಬೆಂಡು-ಬತ್ತಾಸಿನ ಜೊತೆಗೇ ಒಂದನ್ನು ತಂದಿಟ್ಟುಕೊಂಡು ಬೇಸಿಗೆ ಕಳೆಯುತ್ತಾರೆ. ನನ್ನದು ಮೈನಸ್ 7. ಚಷ್ಮಾ ತೆಗೆದರೆ ನನ್ನ ಸ್ಪಷ್ಟ ಜಗತ್ತು ಸುಮಾರು 14 ಸೆಂಟಿಮೀಟರಿಗೆ ಮುಗಿಯುತ್ತದೆ. ಹಸ್ತರೇಖೆ ಕಾಣುತ್ತದೆ, ಕೈಹಿಡಿದವಳು ಕಾಣುವುದಿಲ್ಲ.

"ನಂಬರ್ ಹಾಕಿಸಿ ಕೊಡ್ತೀನ್ರೀ ಸರ, ಹೈದರಾಬಾದಿಗೆ ಕಳಸ್ತೀನಿ. ಹೀರೋ ಕಂಡಂಗ ಕಾಣ್ತೀರಿ" ಎಂದ ಚಷ್ಮಾದಂಗಡಿಯವ. ನಾನು ಹೇಗೆ ಕಾಣುತ್ತೇನೆಂದು ಹೇಳಿದನೇ ಹೊರತು ನನಗೆ ಏನೇನು ಕಾಣುತ್ತದೆಂದು ಹೇಳಲಿಲ್ಲ.

ಬಂದ ಗಾಗಲ್ಲನ್ನು ಮಗ್ಗುಲಿಗೆ ತಿರುಗಿಸಿ ನೋಡಿದೆ. ಮುಂದಿನಿಂದ ಸಿನಿಮಾ, ಬದಿಯಿಂದ ಕಿರಾಣಿ ಅಂಗಡಿ: ಕಿವಿಯ ಕಡೆಯ ಅಂಚಿನಲ್ಲಿ ಗಾಜು ಪಾರ್ಲೆ-ಜಿ ಬಿಸ್ಕಿಟಿನಷ್ಟು ದಪ್ಪ. ಚೌಕಟ್ಟಿನೊಳಗೆ ಹಿಡಿಸದೆ ಹಿಂದಕ್ಕೆ ಚಾಚಿಕೊಂಡು, ಕಡ್ಡಿ ಮಡಚಲು ಹೋದರೆ ಕಟಕ್ ಎಂದು ತಡೆಯುತ್ತಿತ್ತು. ಅಂಚಿನ ಚೂಪು ತೆಗೆಯಲು ಉಜ್ಜಿದ ಕಡೆ ಬೂದುಬಣ್ಣದ ಒಂದು ಪಟ್ಟಿ. ಹಾಕಿಕೊಂಡರೆ ರೆಪ್ಪೆಯ ಕೂದಲು ಗಾಜಿನ ಒಳಬದಿಯನ್ನು ಗುಡಿಸುತ್ತಿತ್ತು.

ಇದು ಅಂಗಡಿಯವನ ತಪ್ಪಲ್ಲ, ಬೆಳಕಿನ ಶಾಸ್ತ್ರದ ಹಟ. ದೂರದ್ದು ಕಾಣದವರ ಗಾಜು ನಡುವೆ ತೆಳು, ಅಂಚಿಗೆ ದಪ್ಪ. ನಂಬರ್ ಹೆಚ್ಚಿದ್ದವರ ಸಾದಾ ಚಷ್ಮಾದಲ್ಲಿ ಗಾಜಿನ ಮುಂಬದಿ ಹೆಚ್ಚುಕಡಿಮೆ ಸಪಾಟಾಗಿರುತ್ತದೆ. ಬಾಗು ಗಾಗಲ್ಲಿಗೆ ಮುಂಬದಿ 8ರಷ್ಟು ಉಬ್ಬಿರಬೇಕು. ಮುಂದೆ ಪ್ಲಸ್ 8 ಉಬ್ಬಿಸಿಕೊಂಡ ಮೇಲೆ ಮೈನಸ್ 7 ಸಿಗಬೇಕಾದರೆ ಹಿಂಬದಿಯನ್ನು 15ರಷ್ಟು ಕೊರೆಯಬೇಕು. ಸಾಲದ್ದಕ್ಕೆ ಗಾಜು ಕಣ್ಣಿಗೆ ನೆಟ್ಟಗೆ ಎದುರಾಗಿ ನಿಲ್ಲುವುದಿಲ್ಲ, ಕೆನ್ನೆಯ ಕಡೆ ಓರೆಯಾಗಿ ಬಾಗಿರುತ್ತದೆ. 20 ಡಿಗ್ರಿ ಓರೆಯಾದರೆ ಮೈನಸ್ 7 ಎಂಬುದು ಏಳೂಕಾಲಿನ ಕೆಲಸ ಮಾಡುತ್ತದೆ, ಜೊತೆಗೆ ಸುಮಾರು 1ರಷ್ಟು ಸಿಲಿಂಡರ್ ನಂಬರು ತಾನೇ ತಾನಾಗಿ ಹುಟ್ಟಿಕೊಳ್ಳುತ್ತದೆ. ಡಾಕ್ಟರ್ ಬರೆದಿರುವುದಿಲ್ಲ, ಕಣ್ಣು ಕೇಳಿರುವುದಿಲ್ಲ. ಈಗ ಕಂಪ್ಯೂಟರ್ ಲೆಕ್ಕ ಹಾಕಿ ಈ ಓರೆಯನ್ನು ಸರಿದೂಗಿಸುವಂತೆ ಗಾಜು ಕೊರೆಯುತ್ತಾರೆ, ನಿಜ. ಅದರ ಬೆಲೆಗೆ ನಮ್ಮಲ್ಲಿ ಒಂದು ಹೋರಿಗರು ಬರುತ್ತದೆ. ಅಷ್ಟು ಕೊಟ್ಟರೂ ಅಂಚಿನ ಸೊಟ್ಟ ಪೂರ್ತಿ ಹೋಗುವುದಿಲ್ಲ.

ನಡುವಿನಿಂದ ನೋಡಿದರೆ ಜಗತ್ತು ಒಪ್ಪವಾಗಿಯೇ ಇತ್ತು. ತಂಟೆಯೆಂದರೆ ನಮ್ಮ ರಸ್ತೆಗಳಲ್ಲಿ ಯಾವುದೂ ನಡುವಿನಿಂದ ಬರುವುದಿಲ್ಲ. ಕುರಿ ಬಗಲಿನಿಂದ, ಟಂಟಂ ಬಗಲಿನಿಂದ, ಹತ್ತಿ ಹೇರಿ ಎರಡೂ ಬದಿಗೆ ಹೊಟ್ಟೆ ಬಿಟ್ಟ ಲಾರಿ ಬಗಲಿನಿಂದ. ಪ್ರೆಂಟಿಸ್ ಎಂಬ ಅಮೆರಿಕದ ಚಷ್ಮಾ ಪಂಡಿತ ಇದಕ್ಕೊಂದು ಸುಲಭದ ಗುಣಾಕಾರ ಕೊಟ್ಟಿದ್ದಾನೆ. ಗಾಜಿನ ನಡುಬಿಂದುವಿನಿಂದ ಎಷ್ಟು ಸೆಂಟಿಮೀಟರ್ ಆಚೆಗೆ ನೋಡುತ್ತೀರೋ ಅದನ್ನು ನಂಬರಿನಿಂದ ಗುಣಿಸಿ. ಬಂದ ಉತ್ತರದಷ್ಟು ಸೆಂಟಿಮೀಟರ್, ಪ್ರತಿ ಮೀಟರ್ ದೂರಕ್ಕೆ, ವಸ್ತು ಪಕ್ಕಕ್ಕೆ ಸರಿದು ಕಾಣುತ್ತದೆ. ನನ್ನ 7 ನಂಬರಿನಲ್ಲಿ ಒಂದೂವರೆ ಸೆಂಟಿಮೀಟರ್ ಓರೆಗಣ್ಣು ಬಿಟ್ಟರೆ, 10 ಮೀಟರ್ ದೂರದ ಎಮ್ಮೆ ತಾನು ನಿಂತ ಜಾಗ ಬಿಟ್ಟು ಒಂದು ಮೀಟರಿನಷ್ಟು ರಸ್ತೆಯ ನಡುವಿಗೆ ಬಂದಿರುತ್ತದೆ. ಎಮ್ಮೆಗೆ ಇದರ ಸುದ್ದಿಯೇ ಇರುವುದಿಲ್ಲ, ಪಾಪ. ಅದು ಜಾಲಿಗಿಡದ ನೆರಳಲ್ಲಿ ಮೆಲುಕು ಹಾಕುತ್ತಿರುತ್ತದೆ, ನಾನು ಬ್ರೇಕ್ ಹಾಕುತ್ತಿರುತ್ತೇನೆ, ಹಿಂದಿನ ಜೀಪಿನವನು ನನ್ನ ವಂಶಾವಳಿಯನ್ನು ಹಾಡುತ್ತಿರುತ್ತಾನೆ.

"ಎಂಟು ದಿನ ಹಾಕ್ರಿ ಸರ, ರೂಢಿ ಆಗ್ತದ" ಎಂದ ಅಂಗಡಿಯವ. ಅವನ ಮಾತಿಗೆ ಹಿರಿಯರ ಆಧಾರವಿದೆ. 1890ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಜಾರ್ಜ್ ಸ್ಟ್ರ್ಯಾಟನ್ ಎಂಬ ಪ್ರೊಫೆಸರ್ ಜಗತ್ತನ್ನೇ ತಲೆಕೆಳಗು ತೋರಿಸುವ ಗಾಜು ಕಟ್ಟಿಕೊಂಡು ವಾರದ ಮೇಲೆ ಓಡಾಡಿದ. ಕೊನೆಕೊನೆಗೆ ಅವನ ಮಿದುಳು ಅದಕ್ಕೂ ಒಗ್ಗಿತು. ಆದರೆ ಅವನು ಶಹಾಪುರದ ಸಂತೆಗೆ ಬೈಕಿನಲ್ಲಿ ಹೋಗಬೇಕಾಗಿರಲಿಲ್ಲ. ಇನ್ನೊಂದು ಮಾತು: ಸೊಟ್ಟ ಗೆರೆಯನ್ನು ನೆಟ್ಟಗೆ ಮಾಡಿಕೊಳ್ಳುವ ಜಾಣತನ ಮಿದುಳಿಗಿದೆ, ಮಸುಕನ್ನು ಒರೆಸಿಕೊಳ್ಳುವ ಬಟ್ಟೆ ಅದರ ಬಳಿ ಇಲ್ಲ. ಓರೆಗಾಜಿನ ಅಂಚು ಎರಡನ್ನೂ ಕೊಡುತ್ತದೆ.

ಶಹಾಪುರದ ಬೆಟ್ಟ ನಿಮಗೆ ಗೊತ್ತಿರಬಹುದು. ದೂರದಿಂದ ನೋಡಿದರೆ ಬುದ್ಧ ಅಂಗಾತ ಮಲಗಿದ್ದಾನೆ. ಹಣೆ, ಮೂಗು, ಎದೆ ಎಲ್ಲ ಬಂಡೆಗಳಲ್ಲೇ. ಬಸ್ಸಿನಲ್ಲಿ ಹೊಸಬರಿದ್ದರೆ ಪಕ್ಕದವರು ತೋರಿಸದೆ ಬಿಡುವುದಿಲ್ಲ. ಮೈನಸ್ ಗಾಜಿಗೆ ಒಂದು ಚಾಳಿಯಿದೆ. ನಡುವಿನಿಂದ ದೂರವಿರುವ ಉದ್ದ ಗೆರೆಯ ಎರಡೂ ತುದಿಗಳನ್ನು ಅದು ನಡುವಿನ ಕಡೆಗೆ ಎಳೆಯುತ್ತದೆ. ಗದ್ದ ಎತ್ತಿ ನೋಡಿದೆ. ಬೆಟ್ಟ ಗಾಜಿನ ಕೆಳಭಾಗಕ್ಕೆ ಬಿತ್ತು, ಬುದ್ಧನ ತಲೆಯೂ ಪಾದವೂ ಒಟ್ಟಿಗೆ ಮೇಲೆದ್ದವು. ಸಾಕ್ಷಾತ್ ನೌಕಾಸನ. ಗದ್ದ ಇಳಿಸಿದೆ. ತಲೆ-ಪಾದ ಕೆಳಗಿಳಿದು ಹೊಟ್ಟೆ ಕಮಾನಾಯಿತು. ಮತ್ತೆ ಎತ್ತಿದೆ. ಶತಮಾನಗಳಿಂದ ನೆಮ್ಮದಿಯಾಗಿ ಮಲಗಿದವನಿಗೆ ರಸ್ತೆ ಬದಿಯಲ್ಲಿ ನಿಂತು ವ್ಯಾಯಾಮ ಮಾಡಿಸಿದ್ದು ನಾನೊಬ್ಬನೇ ಇರಬೇಕು. ಕುರಿ ಕಾಯುವ ಹುಡುಗನೊಬ್ಬ ಹತ್ತಿರ ಬಂದು, "ಕಾಕಾ, ಕುತ್ತಿಗಿ ಹಿಡದದೇನ್ರಿ?" ಎಂದು ಕೇಳಿದ.

ಸುರಪುರ ನನ್ನ ಹೆಂಡತಿಯ ತವರು. ಊರು ಗುಡ್ಡಕ್ಕೆ ಆತುಕೊಂಡಿದೆ, ಓಣಿಗಳೆಲ್ಲ ಏರು-ಇಳಿವು. 1840ರ ದಶಕದಲ್ಲಿ ಬ್ರಿಟಿಷರ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಗುಡ್ಡದ ಮೇಲೆ ಬಂಗಲೆ ಕಟ್ಟಿಸಿದ, ಟೇಲರ್ ಮಂಜಿಲ್ ಎಂದು ಈಗಲೂ ಹೆಸರಿದೆ. ಮೈನಸ್ 7ರ ಬಾಗು ಗಾಗಲ್ಲಿದ್ದಿದ್ದರೆ ಸಾಹೇಬ ಖಂಡಿತ ಕೆಳಗೇ ಕಟ್ಟಿಸುತ್ತಿದ್ದ. ಇಳಿಯುವಾಗ ಗಾಜಿನ ಕೆಳಗಿನ ಅಂಚಿನಿಂದ ನೋಡುತ್ತೀರಿ, ಮೆಟ್ಟಿಲು ಅರ್ಧ ಗೇಣು ಮೇಲೆದ್ದು ಕಾಣುತ್ತದೆ. ನಂಬಿ ಕಾಲಿಟ್ಟರೆ ಅಲ್ಲಿ ಗಾಳಿ. ಮಾವನವರು ಕಟ್ಟೆಯ ಮೇಲೆ ಕೂತು ಅಳಿಯ ಇಳಿದು ಬರುವ ಚೆಂದ ನೋಡುತ್ತಿದ್ದರು.

"ಅಳಿಯಂದ್ರ, ಇನ್ನಾ ಹನ್ನೊಂದೂ ಆಗಿಲ್ಲಲ್ರಿ?" ಎಂದರು, ಬಹಳ ಮರ್ಯಾದೆಯಿಂದ.

ಮಾತು ತಿರುಗಿಸಬೇಕಲ್ಲ. "ಧೋತರದ ಅಂಚು ಭಾರಿ ಛಂದ ಅದ್ರಿ ಮಾವ" ಎಂದೆ. ನನಗೆ ಕಂಡಿದ್ದೇ ಹಾಗೆ, ಒಂದು ಕಡೆ ನೀಲಿ ಎಳೆ, ಇನ್ನೊಂದು ಕಡೆ ಕೇಸರಿ. ಇಂಥ ಗಾಗಲ್ಲುಗಳನ್ನು ಒಡೆಯದಿರಲೆಂದು ಹೆಚ್ಚಾಗಿ ಪಾಲಿಕಾರ್ಬೊನೇಟಿನಲ್ಲಿ ಮಾಡುತ್ತಾರೆ. ಗಾಜು ಬಣ್ಣಗಳನ್ನು ಎಷ್ಟು ಒಡೆಯದೆ ಬಿಡುತ್ತದೆ ಎಂದು ಅಳೆಯುವ ಅಬ್ಬೆ ಅಂಕ ಸಾದಾ ಪ್ಲಾಸ್ಟಿಕ್ ಗಾಜಿಗೆ 58 ಇದ್ದರೆ ಇದಕ್ಕೆ ಬರೀ 30. ಹಾಗಾಗಿ ಅಂಚಿನಿಂದ ನೋಡಿದ ಬಿಳಿಯದಕ್ಕೆಲ್ಲ ಪುಕ್ಕಟೆ ಬಣ್ಣದ ಅಂಚು. ಮಾವನವರು ತಮ್ಮ ಅಚ್ಚ ಬಿಳಿ ಧೋತರವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಒಳಗೆ ಕೂಗಿ ನಿಂಬೆಹಣ್ಣಿನ ಶರಬತ್ತು ತರಿಸಿದರು. ಸಕ್ಕರೆ ಹಾಕಬೇಡ ಎಂದೂ ಸೇರಿಸಿದರು.

ಯಾದಗಿರಿಯಲ್ಲಿ ಇನ್ನೊಂದು ಆರೋಪ ಹುಟ್ಟಿತ್ತು. ಬಗಲಿನಿಂದ ಕೈಯೆತ್ತಿದವರು ನನಗೆ ಮಸುಕು ಕಂಬಗಳಾಗಿ ಕಾಣುತ್ತಿದ್ದರು. ಕಂಬಕ್ಕೆ ಯಾರು ನಮಸ್ಕಾರ ಮಾಡುತ್ತಾರೆ? "ಗಾಗಲ್ ಬಂದ ಮ್ಯಾಲ ಸರ ಸೊಕ್ಕಿಗಿ ಬಂದಾರ" ಎಂಬ ಮಾತು ಸ್ಟೇಷನ್ ರಸ್ತೆಯ ಚಹಾದಂಗಡಿಯಲ್ಲಿ ಎದ್ದು ಗಾಂಧಿ ಚೌಕ ಸುತ್ತಿ ನನ್ನ ಮನೆ ತಲುಪಿತು.

ಕಡೆಗೆ ಬೈಕು ಮನೆಯಲ್ಲಿ ಬಿಟ್ಟು ಬಸ್ಸು ಹಿಡಿದೆ. ಸಾದಾ ಚಷ್ಮಾದ ಮೇಲೆಯೇ ಹೊದಿಸುವ ದೊಡ್ಡ ಕರಿ ಗಾಗಲ್ಲೊಂದನ್ನೂ ಕೊಂಡೆ. ಬದಿಗೂ ಮುಚ್ಚಳವಿರುವಂಥದ್ದು. ನಂಬರು ಒಳಗೆ ತನ್ನ ಪಾಡಿಗೆ ನೆಟ್ಟಗಿರುತ್ತದೆ, ಹೊರಗೆ ಬರೀ ಕಪ್ಪು. ಬೆಳಕಿನ ಶಾಸ್ತ್ರದ ಪ್ರಕಾರ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಆದರೆ ನಮ್ಮ ಜಿಲ್ಲೆಯಲ್ಲಿ ಇಂಥದ್ದನ್ನು ಒಂದೇ ಒಂದು ಕಾರಣಕ್ಕೆ ಹಾಕುತ್ತಾರೆ. ಶಹಾಪುರದ ಬಸ್ ಸ್ಟ್ಯಾಂಡಿನಲ್ಲಿ ಅಂಥದೇ ಕರಿ ಗಾಗಲ್ಲಿನ ಹಿರಿಯರೊಬ್ಬರು ನನ್ನನ್ನು ಕಂಡು ಬೆಂಚಿನ ಮೇಲೆ ಸರಿದು ಜಾಗ ಮಾಡಿದರು.

"ಮೋತಿಬಿಂದು ಏನ್ರಿ? ಯಾವ ಕಣ್ಣು?"

ಗುಣಾಕಾರ ವಿವರಿಸುವ ಶಕ್ತಿ ಉಳಿದಿರಲಿಲ್ಲ. "ಎಡಗಣ್ರಿ" ಎಂದೆ.

"ನಂದು ಬಲಗಣ್ಣು" ಎಂದು ಖುಷಿಪಟ್ಟರು. "ಇಷ್ಟು ಸಣ್ಣ ವಯಸ್ಸಿಗೇ? ಇರ್ಲಿ, ಛಲೋ ಆಗ್ತದ. ತಲಿಮ್ಯಾಲ ನೀರು ಹಾಕ್ಕೋಬ್ಯಾಡ್ರಿ. ಹೊಗಿ ಮುಂದ ಕುಂಡ್ರಬ್ಯಾಡ್ರಿ. ಭಾರ ಅಂತೂ ಎತ್ತಲೇಬ್ಯಾಡ್ರಿ."

ನನ್ನ ಕಾಲಬುಡದಲ್ಲಿ ಹೆಂಡತಿ ತರಹೇಳಿದ ಜೋಳದ ಚೀಲವಿತ್ತು. ಅದರ ಕಡೆ ದೈನ್ಯದಿಂದ ನೋಡಿದೆ. ನೋಡಿದ್ದು ಹಿರಿಯರಿಗೆ ಕಂಡಿತು, ಅವರು ಕಂಡಕ್ಟರನನ್ನು ಕೂಗಿದರು. ಚೀಲ ತಾನಾಗಿ ಬಸ್ಸೇರಿತು, ಬಿಸಿಲಿಲ್ಲದ ಬದಿಯ ಮುಂದಿನ ಸೀಟಿನಿಂದ ಕಾಲೇಜು ಹುಡುಗನೊಬ್ಬ ಎದ್ದು ನಿಂತ. ಯಾದಗಿರಿ ಮುಟ್ಟುವವರೆಗೆ ಗಾಗಲ್ಲು ತೆಗೆಯುವ ಧೈರ್ಯ ನನಗೂ ಬರಲಿಲ್ಲ.