ಅಗ್ಗದ ಸೋಪಿನ ನೆಲೆ-ಬೆಲೆಗಳು: ಕಪಿಲಾ ಕಣಿವೆಯ ಒಂದು ತೌಲನಿಕ ಅಧ್ಯಯನ

ಪ್ರಸ್ತಾವನೆ

ಸಮಕಾಲೀನ ಬದುಕಿನ ಬಹುಮುಖೀ ತಲ್ಲಣಗಳ ಹಿನ್ನೆಲೆಯಲ್ಲಿ ಕೊಳೆಯನ್ನು ಬರೀ ಕೊಳೆಯೆಂದು ನೋಡುವಂತಿಲ್ಲ. ಕೊಳೆ ಒಂದು ಸಂಕಥನ. ಅದನ್ನು ತೊಳೆಯಲು ಹೊರಟ ಸೋಪು ಒಂದು ಪ್ರತಿಸಂಕಥನ. ಇವೆರಡರ ಮೇಲೆ ಚೊಂಬಿನಿಂದ ಸುರಿಯುವ ನೀರೇ ಅನುಸಂಧಾನ. ಈ ಮೂರೂ ಮುಖಾಮುಖಿಯಾಗುವ ತಾಣವನ್ನು ವಿದ್ವಾಂಸರು ಇನ್ನೂ ಗುರುತಿಸಿಲ್ಲ. ಜನಸಾಮಾನ್ಯರು ಮಾತ್ರ ಅದನ್ನು ಬಚ್ಚಲುಮನೆ ಎನ್ನುತ್ತ ಬಂದಿದ್ದಾರೆ.

ಸ್ನಾನದ ಸೋಪು, ಶಾಂಪು, ಹಲ್ಲುಪುಡಿ, ಬಟ್ಟೆ ಸೋಪು, ಪಾತ್ರೆ ತಿಕ್ಕುವ ಸಬೀನ, ಫಿನಾಯಿಲು, ಕಡ್ಡಿಪೊರಕೆ ಮೊದಲಾದ ಶುದ್ಧೀಕರಣ ಸಾಮಗ್ರಿಗಳು (ಇನ್ನು ಮುಂದೆ ‘ಶು.ಸಾ.’) ಅತಿ ಅಗ್ಗವಾಗಿ ದೊರೆಯುವ ನೆಲೆಯನ್ನು ಶೋಧಿಸುವುದು ಪ್ರಸ್ತುತ ಅಧ್ಯಯನದ ಉದ್ದೇಶ. ವ್ಯಾಪ್ತಿ: ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳು. ಮಿತಿ: ಪ್ರಬಂಧಕಾರನ ಜೇಬು.

ಪ್ರೇರಣೆಯನ್ನೂ ದಾಖಲಿಸಬೇಕು. ಹೆಸರು ಬೇಡದ ಒಂದು ಕಾಲೇಜಿನಲ್ಲಿ ‘ಭಾರತೀಯ ಪರಂಪರೆಯಲ್ಲಿ ಶುಚಿತ್ವದ ಪರಿಕಲ್ಪನೆ: ಬಹುಶಿಸ್ತೀಯ ನೆಲೆಗಳು’ ಎಂಬ ರಾಷ್ಟ್ರೀಯ ವಿಚಾರ ಸಂಕಿರಣ ನಡೆಯಿತು. ಆಶಯ ಭಾಷಣ ಮುಗಿಯುವಷ್ಟರಲ್ಲಿ ಅನ್ನ ಆರಿತ್ತು. ಕೈತೊಳೆಯಲು ಹೋದರೆ ನಲ್ಲಿಯ ಹತ್ತಿರ ಸೋಪಿಲ್ಲ. ಶೌಚಾಲಯದಲ್ಲಿ ಬಕೆಟ್ಟಿತ್ತು, ಮಗ್ಗಿರಲಿಲ್ಲ. ಸಂಘಟಕರಲ್ಲೊಬ್ಬರನ್ನು ವಿಚಾರಿಸಿದೆ. “ಸೋಪಿಗೆ ಬಜೆಟ್ಟಲ್ಲಿ ಹೆಡ್ಡೇ ಇಲ್ಲ ಸಾರ್” ಎಂದರು. ಶಾಲಿಗೆ ಇತ್ತು, ಏಲಕ್ಕಿ ಹಾರಕ್ಕೆ ಇತ್ತು, ಸ್ಮರಣಿಕೆಗೂ ಇತ್ತು. ಸಮಾರೋಪದಲ್ಲಿ ಅಧ್ಯಕ್ಷರು ಶುಚಿತ್ವವೆಂಬುದು ಒಂದು ‘ಕಟ್ಟಿದ ಕಲ್ಪನೆ’ ಎಂದು ಘೋಷಿಸಿದಾಗ, ಬೆರಳಿನಲ್ಲಿ ಇನ್ನೂ ಸಾರಿನ ವಾಸನೆ ಹೊತ್ತಿದ್ದ ನಾನು ಆ ಮಾತನ್ನು ಪೂರ್ತಿ ಒಪ್ಪಿದೆ.

ಪೂರ್ವಾಧ್ಯಯನಗಳ ಸಮೀಕ್ಷೆ

ಮಡಿವಾಳ ಮಾಚಯ್ಯನ ಬಗ್ಗೆ ನಮ್ಮಲ್ಲಿ ಪ್ರಬಂಧಗಳಿಗೆ ಬರವಿಲ್ಲ. ಆತನ ಅನುಭಾವ, ಆತನ ನಿಷ್ಠುರತೆ, ಆತನ ಪ್ರತಿಮಾಲೋಕ ಎಲ್ಲವೂ ಚರ್ಚೆಯಾಗಿವೆ. ಹನ್ನೆರಡನೆಯ ಶತಮಾನದಲ್ಲಿ ಅಷ್ಟೊಂದು ಶರಣರ ಬಟ್ಟೆಯನ್ನು ಆತ ಯಾವುದರಲ್ಲಿ ಒಗೆದ, ಅದಕ್ಕೆ ಎಷ್ಟು ಬಿತ್ತು ಎಂದು ಕೇಳಿದ ಪ್ರಾಧ್ಯಾಪಕರನ್ನು ಮಾತ್ರ ನಾನು ಕಂಡಿಲ್ಲ. ಚೌಳುಮಣ್ಣೇ ಇರಬೇಕು. ಚೌಳುಮಣ್ಣಿಗೆ ಅಡಿಟಿಪ್ಪಣಿ ಸಿಗುವುದಿಲ್ಲ.

ಸ್ಥಳೀಯ ಪರಂಪರೆಯ ವಿಷಯದಲ್ಲಿ ಈ ಅಲಕ್ಷ್ಯ ಇನ್ನೂ ಘೋರ. ಇಡೀ ರಾಜ್ಯದ ಶು.ಸಾ. ಚರಿತ್ರೆ ಬರೆಯಬೇಕಾದರೆ ಅದು ಶುರುವಾಗಬೇಕಾದದ್ದು ಇಲ್ಲಿಂದಲೇ. 1913ರಲ್ಲಿ ಬಿ.ವಿ. ಪಂಡಿತರು ನಂಜನಗೂಡಿನಲ್ಲಿ ಸದ್ವೈದ್ಯಶಾಲೆ ಕಟ್ಟಿದರು. ಅಲ್ಲಿಂದ ಹೊರಟ, ಭತ್ತದ ಹೊಟ್ಟೇ ಮುಖ್ಯ ದ್ರವ್ಯವಾದ ‘ನಂಜನಗೂಡು ಹಲ್ಲುಪುಡಿ’ ಹಳೆಯ ಮೈಸೂರಿನ ಎಷ್ಟೋ ತಲೆಮಾರಿನ ಬಾಯಿಗೆ ಊರಿನ ಹೆಸರನ್ನು ಹಚ್ಚಿತು. ರಸಬಾಳೆಯೂ ಶ್ರೀಕಂಠೇಶ್ವರನೂ ಈ ಊರಿಗೆ ಕೀರ್ತಿ ತಂದದ್ದು ನಿಜ. ಆದರೆ ಬೆಳಿಗ್ಗೆ ಎದ್ದ ಕೂಡಲೇ ದೇವರಿಗಿಂತ ಮೊದಲು ಜನ ನೆನೆದದ್ದು ಪುಡಿಯನ್ನು.

ಇನ್ನು ಸೋಪು. ಮೊದಲನೆಯ ಮಹಾಯುದ್ಧದಿಂದ ಮೈಸೂರಿನ ಶ್ರೀಗಂಧ ಯುರೋಪಿಗೆ ಹೋಗುವುದು ನಿಂತು ಕೊರಡುಗಳು ರಾಶಿ ಬಿದ್ದಾಗ, ನಾಲ್ವಡಿಯವರೂ ದಿವಾನ್ ವಿಶ್ವೇಶ್ವರಯ್ಯನವರೂ 1916ರಲ್ಲಿ ಎಣ್ಣೆ ತೆಗೆಯುವ ಕೆಲಸಕ್ಕೆ ಕೈ ಹಾಕಿದರು. ಆ ಎಣ್ಣೆಯನ್ನು ಸೋಪಿಗೆ ಇಳಿಸಲು ಇಂಗ್ಲೆಂಡಿಗೆ ಹೋಗಿ ಕಲಿತು ಬಂದ ರಸಾಯನಶಾಸ್ತ್ರಜ್ಞ ಎಸ್.ಜಿ. ಶಾಸ್ತ್ರಿ. ಜನರ ಬಾಯಲ್ಲಿ ಸೋಪ್ ಶಾಸ್ತ್ರಿ. ಪೂರ್ತಿ ಹೆಸರು ಸೋಸಲೆ ಗರಳಪುರಿ ಶಾಸ್ತ್ರಿ. ಸೋಸಲೆ ನರಸೀಪುರದ ಪಕ್ಕದ ಊರು, ಗರಳಪುರಿ ನಂಜನಗೂಡಿನದೇ ಹಳೆಯ ಹೆಸರು. ಅಂದರೆ ಪ್ರಸ್ತುತ ಅಧ್ಯಯನದ ಭೌಗೋಳಿಕ ವ್ಯಾಪ್ತಿ ಇಡಿಯಾಗಿ ಒಬ್ಬರ ಇನಿಷಿಯಲ್ಲಿನೊಳಗೆ ಅಡಗಿದೆ. ಯಾವ ಮಾರ್ಗದರ್ಶಕರೂ ಇದನ್ನು ಪುರಾವೆಯೆಂದು ಒಪ್ಪುವುದಿಲ್ಲ. ಕಾಕತಾಳೀಯ ಎಂದು ಕೆಂಪು ಶಾಯಿಯಲ್ಲಿ ಬರೆಯುತ್ತಾರೆ. ಬರೆಯಲಿ. ಆ ಗಂಧದ ಸೋಪು ಇದೇ ಸೀಮೆಯ ಎಷ್ಟೋ ಮನೆಗಳಲ್ಲಿ ಬೀಗರು ಬಂದಾಗ ಮಾತ್ರ ಬೀರುವಿನಿಂದ ಹೊರಬರುತ್ತದೆಂಬುದನ್ನೂ ಅವರು ಕಾಕತಾಳೀಯ ಎಂದೇ ಬರೆದಾರು.

ತಲಕಾಡಿನ ಮರಳನ್ನು ಉಲ್ಲೇಖಿಸದಿದ್ದರೆ ಸಮೀಕ್ಷೆ ಅಪೂರ್ಣ. ಅಲಮೇಲಮ್ಮನ ಶಾಪದ ಕುರಿತು ಇತಿಹಾಸಕಾರರು, ಭೂವಿಜ್ಞಾನಿಗಳು, ಜಾನಪದ ತಜ್ಞರು ಕಾದಾಡುತ್ತಿರುವಾಗ ನದಿದಂಡೆಯ ಹೆಂಗಸರು ಹಿಡಿ ಮರಳು ತೆಗೆದುಕೊಂಡು ಪಾತ್ರೆ ಬೆಳಗಿದರು. ಶಾಪವನ್ನೂ ಶು.ಸಾ. ಮಾಡಿಕೊಂಡ ಈ ಪ್ರಜ್ಞೆಗೆ ‘ಪ್ರತಿರೋಧದ ದೇಸಿ ಸೌಂದರ್ಯಮೀಮಾಂಸೆ’ ಎಂದು ಹೆಸರಿಡಬಹುದು. ಅವರು ಇಟ್ಟಿಲ್ಲ. ಪಾತ್ರೆ ಜಿಡ್ಡಾಗಿತ್ತು, ಅಷ್ಟೇ.

ನೆಲೆಗಳ ವರ್ಗೀಕರಣ

ಕ್ಷೇತ್ರಕಾರ್ಯದ ಆಧಾರದಿಂದ ಶು.ಸಾ. ನೆಲೆಗಳನ್ನು ಐದಾಗಿ ವಿಂಗಡಿಸಲಾಗಿದೆ.

ಒಂದು, ಋಣಾಶ್ರಿತ ಸಮೀಪನೆಲೆ. ಅರ್ಥಾತ್ ಊರೊಳಗಿನ ಪೆಟ್ಟಿಗೆ ಅಂಗಡಿ. ಇಲ್ಲಿ ಶಾಂಪು ಪಾಕೀಟುಗಳು ಸರದ ರೂಪದಲ್ಲಿ ನೇತಾಡುತ್ತವೆ. ಎಂ.ಆರ್.ಪಿ.ಯಲ್ಲಿ ಕಾಸೂ ಕಮ್ಮಿಯಿಲ್ಲ. ಇದರ ಸೈದ್ಧಾಂತಿಕ ಮಹತ್ವ ಅಡಗಿರುವುದು ಗಲ್ಲಾದ ಮೇಲಿನ ರೂಲ್ ಪುಸ್ತಕದಲ್ಲಿ. ಕ್ಷೇತ್ರಕಾರ್ಯದಲ್ಲಿ ದಾಖಲಾದ ಒಂದು ಪಠ್ಯ:

“ಅಣ್ಣೋ, ಎಲ್ಡು ಶಾಂಪು, ಒಂದು ಬಟ್ಟೆ ಸೋಪು ಕೊಡು. ಸನಿವಾರ ಬಟವಾಡೆ ಆಯ್ತದ, ಬರ್ಕೊ.”

“ಹೋದ್ವಾರದ್ದೇ ಅದ ಕನವ್ವ.”

“ಇದ್ರೆ ಇರ್ಲಿ ಬುಡು. ನಾನೇನು ಊರು ಬುಟ್ಟು ಹೋದನಾ?”

ಎರಡು, ಸ್ಥಾವರನೆಲೆ. ಪೇಟೆಯ ಪ್ರಾವಿಜನ್ ಸ್ಟೋರು. ಕೆ.ಜಿ. ಸೋಪಿನ ಪುಡಿ ಕೊಂಡರೆ ಬಕೆಟ್ಟು ಕೊಡುತ್ತಾರೆ, ಪರಿಚಯದವರಾದರೆ ಒಂದೆರಡು ರೂಪಾಯಿ ಬಿಡುತ್ತಾರೆ, ಪರಿಚಯ ಬೆಳೆಯಲು ಅರ್ಧ ಆಯಸ್ಸು ಬೇಕು.

ಮೂರು, ಜಂಗಮನೆಲೆ. ಟಿ.ವಿ.ಎಸ್. ಮೊಪೆಡ್ಡಿಗೆ ಕ್ಯಾನು ಕಟ್ಟಿಕೊಂಡು ‘ಫಿನಾಯ್ಲ್, ಆಸಿಡ್, ಬ್ಲೀಚಿಂಗ್ ಪೌಡ್ರೇಯ್’ ಎಂದು ಕೂಗುತ್ತ ಬರುವಾತ. ಬಾಟಲಿ ನಮ್ಮದೇ ಕೊಟ್ಟರೆ ಇನ್ನೂ ಸೋವಿ. ಲೇಬಲ್ಲಿಲ್ಲ, ವ್ಯಾಲಿಡಿಟಿಯಿಲ್ಲ, ಆದರೆ ನೀರು ಜಾಸ್ತಿ ಬೆರೆಸಿದರೆ ಮುಂದಿನ ವಾರ ಇದೇ ಬೀದಿಯ ಹೆಂಗಸರ ಬಾಯಿಗೆ ಸಿಕ್ಕಬೇಕಲ್ಲ ಎಂಬ ಭಯವಿದೆ. ಗುಣಮಟ್ಟ ನಿಯಂತ್ರಣದ ಇಷ್ಟು ಸಮರ್ಥ ವ್ಯವಸ್ಥೆಯನ್ನು ಯಾವ ಪ್ರಾಧಿಕಾರವೂ ರೂಪಿಸಿಲ್ಲ. ಸ್ಥಾವರಕ್ಕಿಂತ ಜಂಗಮವೇ ಮೇಲೆಂಬ ನಿರ್ಣಯಕ್ಕೆ ಈ ನಾಡು ಬಹಳ ಹಿಂದೆಯೇ ಬಂದಿತ್ತು.

ನಾಲ್ಕು, ಮಹಾನೆಲೆ. ಮೈಸೂರಿನ ಸಂತೆಪೇಟೆಯ ಸಗಟು ಅಂಗಡಿಗಳು ಮತ್ತು ರಿಂಗ್ ರೋಡಿನ ಕಡೆಯ ಹವಾನಿಯಂತ್ರಿತ ಮಳಿಗೆಗಳು. ಇಲ್ಲಿನ ಅಗ್ಗವನ್ನು ಅಳೆಯಲು ಪ್ರಬಂಧಕಾರನು ಸೂತ್ರವೊಂದನ್ನು ರಚಿಸಿದ್ದಾನೆ. ನಿಜಬೆಲೆ = ಮುದ್ರಿತ ಬೆಲೆ − ರಿಯಾಯಿತಿ + ಬಸ್ ಚಾರ್ಜು + ಒಂದು ದಿನದ ಕೂಲಿ + ‘ಒಂದು ಕೊಂಡರೆ ಒಂದು ಉಚಿತ’ ಎಂದು ಕೊಂಡ, ಬೇಡವಾಗಿದ್ದ ವಸ್ತು. ಈ ಸೂತ್ರದ ಚರಿತ್ರೆ ಎರಡು ಯುಗಗಳಾಗಿ ಒಡೆಯುತ್ತದೆ: ಶಕ್ತಿಪೂರ್ವ ಮತ್ತು ಶಕ್ತ್ಯುತ್ತರ. 2023ರ ಜೂನ್ 11ರಂದು ‘ಶಕ್ತಿ’ ಯೋಜನೆಯಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಬಿಟ್ಟಿಯಾದದ್ದೇ ತಡ, ಸೂತ್ರದಲ್ಲಿದ್ದ ಬಸ್ ಚಾರ್ಜು ಸೊನ್ನೆಯಾಯಿತು. ಆಗ ಸಂಪಾದಕೀಯಗಳಲ್ಲಿ ‘ಬಿಟ್ಟಿ ಭಾಗ್ಯ’ದ ಬಗ್ಗೆ ಮರುಗಿದ ಮಹನೀಯರು, ನಂಜನಗೂಡಿನ ಹೆಂಗಸೊಬ್ಬಳು ಮೈಸೂರಿಗೆ ಹೋಗಿ ತಿಂಗಳ ಸೋಪು ತಂದು ಉಳಿಸಿದ ಹಣವನ್ನು ಯಾವ ಲೆಕ್ಕಕ್ಕೂ ಹಿಡಿಯಲಿಲ್ಲ. ಸೂತ್ರದಲ್ಲಿ ಒಂದು ದಿನದ ಕೂಲಿ ಮಾತ್ರ ಹಾಗೇ ಉಳಿದಿದೆ. ಅದನ್ನು ಸೊನ್ನೆ ಮಾಡುವ ಯೋಜನೆ ಇನ್ನೂ ಬಂದಿಲ್ಲ.

ಐದನೆಯದು ಮೊಬೈಲಿನದು. ಅದರ ಬಗ್ಗೆ ಬರೆಯಲು ಬೇಸರ. ವರ್ಗೀಕರಣವನ್ನು ಇಲ್ಲಿಗೆ ಬಿಟ್ಟಿದ್ದೇನೆ. ಉಪವರ್ಗೀಕರಣ ಬೇಕಾದವರು ಮಾಡಿಕೊಳ್ಳಬಹುದು.

ಸಿದ್ಧಾಂತ

ಶು.ಸಾ. ಮೀಮಾಂಸೆಯಲ್ಲಿ ಎರಡು ಪ್ರಸ್ಥಾನಗಳಿವೆ: ದೇಹವಾದ ಮತ್ತು ವಸ್ತ್ರವಾದ. 2025ರ ಸೆಪ್ಟೆಂಬರ್ 22ರಿಂದ ಭಾರತ ಸರ್ಕಾರ ದೇಹವಾದದ ಪಕ್ಷ ವಹಿಸಿದೆ. ಮೈ ಸೋಪು, ಶಾಂಪು, ಟೂತ್‌ಪೇಸ್ಟಿನ ಮೇಲಿನ ಜಿ.ಎಸ್.ಟಿ. ಶೇ. 18ರಿಂದ 5ಕ್ಕೆ ಇಳಿಯಿತು. ಹಲ್ಲುಪುಡಿಯದು 12ರಿಂದ 5ಕ್ಕೆ. ಬಟ್ಟೆ ಒಗೆಯುವ ಪುಡಿ ಮಾತ್ರ 18ರಲ್ಲೇ ಉಳಿಯಿತು. ಮೈ ತೊಳೆದರೆ ಐದು, ಮೈಮೇಲಿನದನ್ನು ತೊಳೆದರೆ ಹದಿನೆಂಟು. ಇದರ ತಾತ್ತ್ವಿಕ ಸಮರ್ಥನೆಯನ್ನು ಶಂಕರಭಾಷ್ಯದಲ್ಲಿ ಹುಡುಕಬಹುದೇ ಎಂದು ಒಬ್ಬ ಮಿತ್ರರನ್ನು ಕೇಳಿದೆ. ಅವರು ಮಾತು ಬದಲಿಸಿದರು.

ತೆರಿಗೆ ಇಳಿದಾಗ ಒಂದು ರೂಪಾಯಿಯ ಶಾಂಪು ಎಷ್ಟಾಗಬೇಕು? ಒಂದು ರೂಪಾಯಿಯೇ. ಅದಕ್ಕಿಂತ ಚಿಕ್ಕ ಕಾಸನ್ನು ಯಾವ ಅಂಗಡಿಯವನೂ ಮುಟ್ಟುವುದಿಲ್ಲ. ಬೆಲೆ ಕದಲದ ಈ ಸರಕಿನಲ್ಲಿ ಕದಲುವುದು ತೂಕ. ಹತ್ತು ರೂಪಾಯಿ ಸೋಪು ಎಂದೆಂದಿಗೂ ಹತ್ತು ರೂಪಾಯಿ. ಬಿಲ್ಲೆ ಮಾತ್ರ ವರ್ಷಾನುವರ್ಷ ಸವೆಯುತ್ತದೆ, ಅದೂ ಬಳಸುವುದಕ್ಕೆ ಮೊದಲೇ. ಬಳಸಲು ಶುರು ಮಾಡಿದ ಮೇಲಿನ ಸವೆತ ಬೇರೆ. ಭಾರತೀಯ ಮಾನಕದ ಪ್ರಕಾರ ಒಂದನೇ ದರ್ಜೆಯ ಸ್ನಾನದ ಸೋಪಿನಲ್ಲಿ ಕೊಬ್ಬಿನಂಶ, ಪೊಟ್ಟಣದ ಮೇಲೆ ಟಿ.ಎಫ್.ಎಂ. ಎಂದಿರುವುದು, ಕನಿಷ್ಠ ಶೇ. 76 ಇರಬೇಕು, ಮೂರನೇ ದರ್ಜೆಗೆ 60 ಸಾಕು. ಅದಕ್ಕೂ ಕೆಳಗಿನದು ಸೋಪೆಂದು ಕರೆಸಿಕೊಳ್ಳಲಾರದೆ ‘ಬೇದಿಂಗ್ ಬಾರ್’ ಎಂದು ತೀರ ಸಣ್ಣ ಅಕ್ಷರದಲ್ಲಿ ಅಚ್ಚಾಗುತ್ತದೆ. ಅಗ್ಗದ್ದೆಂದು ತಂದದ್ದು ಒದ್ದೆ ಸೋಪುಪೆಟ್ಟಿಗೆಯಲ್ಲಿ ಲೋಳೆಯಾಗಿ ಕರಗಿಹೋಗುವ ಗುಟ್ಟಿನಲ್ಲಿ ಇದರ ಪಾಲೂ ಇದೆ.

ಶಾಂಪು ಪಾಕೀಟಿನ ಬಗ್ಗೆಯೂ ಒಂದು ಮಾತು. 1980ರ ದಶಕದಲ್ಲಿ ತಮಿಳುನಾಡಿನ ಕಡಲೂರಿನಿಂದ ಹೊರಟ ಚಿಕ್ ಶಾಂಪುವಿನಂಥವು ಅದನ್ನು ಹಳ್ಳಿಹಳ್ಳಿಗೆ ಮುಟ್ಟಿಸಿದವು. ನಮ್ಮ ಚಿಂತಕರು ಪಾಕೀಟನ್ನು ಕಂಡರೆ ‘ಕೊಳ್ಳುಬಾಕತನದ ರೂಪಕ’ ಎಂದು ಹುಬ್ಬು ಗಂಟಿಕ್ಕುತ್ತಾರೆ. ಸೀಗೆಪುಡಿ, ಚಿಗರೆಪುಡಿ, ಅಂಟುವಾಳದ ಸುವರ್ಣಯುಗವನ್ನು ನೆನೆದು ಕಣ್ಣೊರೆಸಿಕೊಳ್ಳುತ್ತಾರೆ. ಸೀಗೆ ಕುಟ್ಟಿದ್ದು ಅವರಲ್ಲ. ಒಲೆಬೂದಿ ಜರಡಿ ಹಿಡಿದದ್ದೂ ಅವರಲ್ಲ. ಪೆಟ್ಟಿಗೆ ಅಂಗಡಿಯ ಮುಂದೆ ನಿಂತ ಆ ಹೆಂಗಸು ಇವರಿಗಿಂತ ಒಳ್ಳೆಯ ಗಣಿತಜ್ಞೆ: ಎಷ್ಟೋ ಬ್ರಾಂಡುಗಳಲ್ಲಿ ಅದೇ ಶಾಂಪು ಬಾಟಲಿಗಿಂತ ಪಾಕೀಟಿನಲ್ಲೇ ಮಿಲಿಲೀಟರಿಗೆ ಅಗ್ಗ ಎಂಬುದು ಅವಳಿಗೆ ಗೊತ್ತು. ಆದರೆ ಸೋಪಿನ ಪುಡಿಯಲ್ಲಿ ಲೆಕ್ಕ ತಿರುಗುತ್ತದೆ. ಅಲ್ಲಿ ದೊಡ್ಡ ಚೀಲವೇ ಸೋವಿ. ದೊಡ್ಡ ಚೀಲಕ್ಕೆ ಒಟ್ಟಿಗೆ ದುಡ್ಡು ಹಾಕುವಂತಿಲ್ಲದವಳು ಹತ್ತು ರೂಪಾಯಿ ಪೊಟ್ಟಣವನ್ನೇ ಮತ್ತೆ ಮತ್ತೆ ಕೊಳ್ಳಬೇಕು. ಊರಿನವರ ಮನೆಯ ಪಾತ್ರೆ ಬೆಳಗಿ, ಬಟ್ಟೆ ಒಗೆದು, ಕಕ್ಕಸು ತೊಳೆದು ಬರುವವಳು ತನ್ನ ಮನೆಯ ಒಂದು ಹಿಡಿ ಸೋಪಿನ ಪುಡಿಗೆ ಒಡತಿಗಿಂತ ಹೆಚ್ಚು ಬೆಲೆ ತೆರುತ್ತಾಳೆ. ಅವಳು ಕೆಲಸ ಮಾಡುವ ಮನೆಯಲ್ಲಿ ಪಾತ್ರೆ ಸೋಪಿನ ಬಾಟಲಿಗೆ ನೀರು ಬೆರೆಸಿ ಇಟ್ಟಿರುತ್ತಾರೆ, ಅವಳು ಜಾಸ್ತಿ ಸುರಿದುಬಿಟ್ಟಾಳೆಂದು. ಇದಕ್ಕೆ ಯಾವ ಪಾರಿಭಾಷಿಕ ಪದವೂ ಬೇಡ. ನಾಚಿಕೆಗೇಡು ಎಂದರೆ ಸಾಕು.

ಶೋಧ

ನಿಯಮದ ಪ್ರಕಾರ ಸಂಶೋಧಕನು ಒಂದು ಹೊಸ ಶೋಧವನ್ನಾದರೂ ಮಂಡಿಸಬೇಕು. ಮಂಡಿಸುತ್ತೇನೆ. ಎರಡೂ ತಾಲ್ಲೂಕುಗಳಲ್ಲಿ ಶು.ಸಾ. ಅತಿ ಅಗ್ಗವಾಗಿ, ಬೆಲೆಯೇ ಇಲ್ಲದೆ, ಸಿಗುವ ನೆಲೆ ಎಂದರೆ ನಂಜನಗೂಡಿನ ಸ್ನಾನಘಟ್ಟ. ಮುಡಿ ಕೊಟ್ಟವರು, ಉರುಳುಸೇವೆ ಮಾಡಿದವರು ಕಪಿಲೆಯಲ್ಲಿ ಮುಳುಗಿ ಎದ್ದು, ಮುಕ್ಕಾಲು ಉಳಿದ ಸೋಪನ್ನೂ ಹರಿದ ಶಾಂಪು ಪಾಕೀಟನ್ನೂ ಉಟ್ಟ ಬಟ್ಟೆಯನ್ನೂ ಅಲ್ಲೇ ಬಿಟ್ಟು ಹೋಗುತ್ತಾರೆ. ಪಾಪದ ಜೊತೆಗೆ ಪಾಕೀಟೂ ಕಳೆಯುತ್ತದೆಂಬ ನಂಬಿಕೆ ಯಾವ ಪುರಾಣದಲ್ಲಿದೆಯೋ. ವಿಷ ಕುಡಿದ ನಂಜುಂಡನಿಗೆ ಇದ್ಯಾವ ಲೆಕ್ಕ ಎಂದು ಹಾಸ್ಯ ಮಾಡೋಣವೆಂದು ಈ ವಾಕ್ಯ ಶುರು ಮಾಡಿದೆ, ಆಗುತ್ತಿಲ್ಲ. ಅವನು ಕುಡಿದದ್ದು ಒಂದು ಸಲ. ಹೊಳೆ ದಿನಾ ಕುಡಿಯುತ್ತಿದೆ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಮಾಡಿದ ಮಲಿನ ನದಿಭಾಗಗಳ ಪಟ್ಟಿಯಲ್ಲಿ ನಂಜನಗೂಡಿನಿಂದ ಹೆಜ್ಜಿಗೆವರೆಗಿನ ಕಪಿಲೆ ಇದೆ. ಅದಕ್ಕೆ ಬರೀ ಸೋಪು ಕಾರಣವಲ್ಲ. ಊರಿನ ಚರಂಡಿಯನ್ನು ಬಿಟ್ಟು ಭಕ್ತರನ್ನಷ್ಟೇ ಬೈಯುವುದು ಸುಲಭದ ಕೆಲಸ. ಅದೇ ನೀರು ಮುಂದೆ ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಅಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆಯ ಲೆಕ್ಕದಲ್ಲಿ ಕುಂಭಮೇಳ, ಪುಣ್ಯಸ್ನಾನ. 2025ರ ಮಾರ್ಚಿನಲ್ಲಿ ರಾಜ್ಯದ ಪರಿಸರ ಸಚಿವರು ತೀರ್ಥಕ್ಷೇತ್ರಗಳ ನದಿ, ಕೆರೆಗಳಿಂದ 500 ಮೀಟರ್ ಒಳಗೆ ಸೋಪು, ಶಾಂಪು ಮಾರದಂತೆ ನೋಡಿಕೊಳ್ಳಲು ಸೂಚಿಸಿದರು. ಮಾರುವವನನ್ನು 500 ಮೀಟರ್ ಆಚೆ ಕಳಿಸಬಹುದು. ಕೊಂಡವನು ಅಲ್ಲಿಂದ ನಡೆದು ಬರುತ್ತಾನೆ.

ಶಿಫಾರಸು

ವಿಶ್ವವಿದ್ಯಾಲಯಗಳಿಗೆ ಶಿಫಾರಸು ಏನೂ ಇಲ್ಲ, ನಲ್ಲಿಯ ಪಕ್ಕ ಒಂದು ಸೋಪು ಇಡುವುದರ ಹೊರತು.

ಓದುಗರಿಗೆ: ಪೊಟ್ಟಣದ ಮುಂದಿನ ದೊಡ್ಡ ಅಂಕಿ ಬಿಟ್ಟು ಹಿಂದಿನ ತೂಕ ನೋಡಿ. ಫಿನಾಯಿಲಿನವನಿಗೆ ನಿಮ್ಮ ಬಾಟಲಿ ಕೊಡಿ. ಕೆಲಸದವಳಿಗೆ ಹಬ್ಬದಲ್ಲಿ ಹಳೆಯ ಸೀರೆ ಕೊಡುವ ಬದಲು ಐದು ಕೆ.ಜಿ. ಸೋಪಿನ ಪುಡಿಯ ಚೀಲ ಕೊಡಿ, ಅದನ್ನು ಸಂಬಳದಲ್ಲಿ ಹಿಡಿಯಬೇಡಿ. ಇನ್ನು ನಂಜನಗೂಡಿಗೆ ಬಂದಾಗ ಮೂರು ಮುಳುಗು ಹಾಕಿ, ಬೇಡ ಎನ್ನುವವರಿಲ್ಲ. ಸೋಪನ್ನು ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿ. ದುಡ್ಡು ಕೊಟ್ಟು ತಂದದ್ದು, ಇನ್ನೂ ಒಂದು ವಾರ ಬರುತ್ತದೆ.