ಪಿಕಪ್ ಬಂತೇನ್ರಿ ಸಾಹುಕಾರ್ರ?

ಕ್ವಾಡ್ ಬೈಕ್ ಎಂದರೇನು ಎಂದು ಅಮೆರಿಕದವನನ್ನು ಕೇಳಿದರೆ ಮರಳುದಿಬ್ಬದ ಮೇಲೆ ಹಾರುವ ನಾಲ್ಕು ಗಾಲಿಯ ಗಾಡಿ ಎನ್ನುತ್ತಾನೆ. ಭಾರತದ ಸಾರಿಗೆ ಕಾನೂನನ್ನು ಕೇಳಿದರೆ ಟ್ರ್ಯಾಕ್ಟರ್ ಎನ್ನುತ್ತದೆ. ತಮಾಷೆಯಲ್ಲ. ಬೈಕಿನ ಹಾಗೆ ಹ್ಯಾಂಡಲ್ಲು, ಕಾರಿನ ಹಾಗೆ ನಾಲ್ಕು ಗಾಲಿ ಇರುವ ಈ ಗಾಡಿ ಯಾವ ಖಾನೆಗೂ ಹೊಂದದೆ ವರ್ಷಗಟ್ಟಲೆ ರೆಸಾರ್ಟುಗಳ ಅಂಗಳದಲ್ಲೇ ಸುತ್ತು ಹಾಕುತ್ತಿತ್ತು. 2021ರಲ್ಲಿ ಪೊಲಾರಿಸ್ ಕಂಪನಿ ತನ್ನ ಸ್ಪೋರ್ಟ್ಸ್‌ಮನ್ 570 ಅನ್ನು ಕೃಷಿ ಟ್ರ್ಯಾಕ್ಟರ್ ಎಂದು ಪಾಸು ಮಾಡಿಸಿ, 7.99 ಲಕ್ಷ ರೂಪಾಯಿ ಷೋರೂಂ ಬೆಲೆಗೆ ಮಾರಾಟಕ್ಕೆ ಇಟ್ಟಿತು. 567 ಸಿಸಿ, ಒಂದೇ ಸಿಲಿಂಡರ್. ಕಾಗದದ ಮೇಲೆ ಅದು ಮಹೀಂದ್ರಾ, ಜಾನ್ ಡಿಯರ್‌ಗಳ ಖಾಸಾ ತಮ್ಮ.

ಹಾಗಾದರೆ ಈ ದೇಶದ ಕ್ವಾಡ್ ರಾಜಧಾನಿ ಯಾವುದೆಂಬ ಬಗ್ಗೆ ತಕರಾರು ಬೇಡ. ರಾಯಚೂರು ಜಿಲ್ಲೆಯ ಸಿಂಧನೂರು. ಏಷ್ಯಾ ಖಂಡದಲ್ಲೇ ಅತಿ ಹೆಚ್ಚು ಟ್ರ್ಯಾಕ್ಟರ್ ಮಾರಾಟವಾಗುವ ಊರು ನಮ್ಮದು ಎಂದು ಅಲ್ಲಿಯವರು ಚಹಾದಂಗಡಿಯಲ್ಲಿ ಕೂತು ಹೇಳುತ್ತಾರೆ. ಏಷ್ಯಾದ ಮಿಕ್ಕ ಊರುಗಳು ಇದುವರೆಗೆ ಆಕ್ಷೇಪಣೆ ಸಲ್ಲಿಸಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಸೋನಾ ಮಸೂರಿ ಭತ್ತ, ಫೈನಾನ್ಸಿನವರ ವಿಶಾಲ ಹೃದಯ, ಈ ಮೂರೂ ಕೂಡಿದ ನೆಲದಲ್ಲಿ ಟ್ರ್ಯಾಕ್ಟರ್ ಹುಟ್ಟದೆ ಇನ್ನೇನು ಹುಟ್ಟೀತು?

ಗಾಡಿ ಬಂದ ಮೇಲೆ ಮುಂದಿನ ಪ್ರಶ್ನೆ ಅದರ ಶಕ್ತಿ ಹೆಚ್ಚಿಸುವುದು ಹೇಗೆ ಎಂಬುದು. ಹೊರದೇಶದಲ್ಲಿ ಯಮಾಹಾ ರಾಪ್ಟರ್ 700 ಕೊಂಡವನಿಗೂ ಇದೇ ಚಿಂತೆ. ಆದರೆ ಪಾಪ, ಅವನು ಲೆಕ್ಕದ ಗುಲಾಮ. ಸೈಲೆನ್ಸರ್ ಬದಲಿಸಿದರೆ ಹೊಗೆ ಸಲೀಸಾಗಿ ಹೊರಗೆ ಹೋಗುತ್ತದೆ. ಹೊಗೆ ಹೋದಷ್ಟೇ ಸಲೀಸಾಗಿ ಗಾಳಿ ಒಳಗೆ ಬರಬೇಕು, ಆದ್ದರಿಂದ ಫಿಲ್ಟರ್ ಬದಲಿಸುತ್ತಾನೆ. ಗಾಳಿ ಹೆಚ್ಚಾದರೆ ಪೆಟ್ರೋಲೂ ಹೆಚ್ಚಬೇಕು, ಆದ್ದರಿಂದ ಇಸಿಯು ಟ್ಯೂನಿಂಗ್ ಮಾಡಿಸುತ್ತಾನೆ. ಅಷ್ಟಕ್ಕೂ ಸಮಾಧಾನವಾಗದಿದ್ದರೆ ದೊಡ್ಡ ಬೋರು, ಹೈ ಕಂಪ್ರೆಷನ್ ಪಿಸ್ಟನ್, ಹೊಸ ಕ್ಯಾಮ್. ಒಂದನ್ನು ಮುಟ್ಟಿ ಇನ್ನೊಂದನ್ನು ಬಿಟ್ಟರೆ ಪೆಟ್ರೋಲ್ ಸಾಲದೆ ಎಂಜಿನ್ ಕಾದು ಪಿಸ್ಟನ್ನಿಗೇ ತೂತು ಬಿದ್ದೀತು ಎಂದು ಹೆದರುತ್ತಾನೆ. ಇಷ್ಟೆಲ್ಲ ಓದಿ, ಅಳೆದು, ಖರ್ಚು ಮಾಡಿ ಕಡೆಗೆ ಅವನಿಗೆ ಸಿಗುವುದು ಒಂದಿಷ್ಟು ಎಚ್‌ಪಿ.

ನಮ್ಮ ಕಡೆ ಇಂಥ ಗೋಜಲಿಲ್ಲ. ನಮ್ಮ ನಿಯಮ ಒಂದೇ. ಬದಲಾವಣೆ ಎಂದರೆ ಕಾಣಬೇಕು, ಇಲ್ಲವೇ ಕೇಳಿಸಬೇಕು. ಎರಡೂ ಆದರೆ ಇನ್ನೂ ಚಂದ. ಹಾಗಾಗಿ ಎಂಜಿನ್ ಕೆಲಸ ಬಂಪರಿನಿಂದ ಶುರುವಾಗುತ್ತದೆ. ಬಂಪರ್, ಅದರ ಮೇಲೆ ನಾಲ್ಕು ಫೋಕಸ್ ಲೈಟು, ಮೇಲೊಂದು ಟಾಪು, ಟಾಪಿನ ಒಳಗೆ ವೂಫರ್, ಮುಂದೆ ಬಾನೆಟ್ಟಿನ ಮೇಲೆ ಸಾಹುಕಾರರ ಹೆಸರು, ಹಿಂದೆ ಟ್ರಾಲಿಯ ಮೇಲೆ ಅವರ ಮಗನ ಹೆಸರು, ನಡುವೆ ಜಾಗ ಉಳಿದರೆ ಸಿನಿಮಾ ನಟನದು. ಹೆಸರು ಬರೆಸುವುದು ಈ ಸೀಮೆಗೆ ಹೊಸದಲ್ಲ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಸಿಂಧನೂರಿನ ಪಕ್ಕದ ಮಸ್ಕಿಯ ಬಂಡೆಯ ಮೇಲೆ ಅಶೋಕನ ಶಾಸನ ಪತ್ತೆ ಮಾಡಿದ. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆ ಅಶೋಕ ಎಂಬ ಸ್ವಂತ ಹೆಸರೂ ಅದರಲ್ಲಿತ್ತು, ಅದೇ ಅದರ ಹೆಚ್ಚುಗಾರಿಕೆ. ಚಕ್ರವರ್ತಿಯೇ ಇಲ್ಲಿನ ಬಂಡೆಯ ಮೇಲೆ ಒಂದೇ ಸಲ ಹೆಸರು ಬರೆಸಿ ಎರಡು ಸಾವಿರಕ್ಕೂ ಹೆಚ್ಚು ವರ್ಷ ಸುಮ್ಮನಿದ್ದ ಸೀಮೆಯಲ್ಲಿ ಈಗ 45 ಎಚ್‌ಪಿಯ ಒಡೆಯರು ಒಂದೇ ಗಾಡಿಯ ಮೇಲೆ ಆರು ಕಡೆ ಹೆಸರು ಬರೆಸುತ್ತಾರೆ. ಸ್ಟಿಕರ್ ಅಂಟಿಸಿದ ಮೇಲೆ ಗಾಡಿ ಹಗುರಾದಂತೆ ಅನ್ನಿಸುತ್ತದೆಯಂತೆ. ಜೇಬು ಹಗುರಾದದ್ದು ಹೌದು.

ಇಷ್ಟಾದ ಮೇಲೂ ನೇಗಿಲು ಹೂಡಿದಾಗ ಗಾಡಿ ಎಳೆಯದಿದ್ದರೆ ಮಿಸ್ತ್ರಿಯ ಹತ್ತಿರ ಹೋಗಬೇಕಾಗುತ್ತದೆ. ಆ ಮಾತುಕತೆ ಸಿಂಧನೂರಿನ ಯಾವ ಗ್ಯಾರೇಜಿನಲ್ಲಿ ನಿಂತರೂ ಕೇಳಸಿಗುತ್ತದೆ.

"ಮಿಸ್ತ್ರಿ, ಗಾಡಿ ಎಳಿವಲ್ದು. ಪಂಪ್ ಒಂದೀಟು ಏರಿಸು."

"ಏರ್ ಕ್ಲೀನರ್ ಯಾವಾಗ ತೊಳಿಸೀರಿ ಸಾಹುಕಾರ್ರ?"

"ಅದೇನು ಹೊರಗ ಕಾಣ್ತತೇನು? ನೀ ಪಂಪ್ ಏರಿಸು."

ಮಿಸ್ತ್ರಿ ಅನುಭವಸ್ಥ, ವಾದಕ್ಕಿಳಿಯುವುದಿಲ್ಲ. ಏರ್ ಕ್ಲೀನರಿನ ಕ್ಲಿಪ್ ಸಡಿಲಿಸಿ ಕೆಳಗಿನ ಬಟ್ಟಲನ್ನು ಬಿಚ್ಚಿ ಸಾಹುಕಾರರ ಮುಂದೆ ಹಿಡಿಯುತ್ತಾನೆ. ಗೆರೆಯ ಮಟ್ಟಕ್ಕೆ ಎಣ್ಣೆ ಇರಬೇಕಾದ ಜಾಗದಲ್ಲಿ ಎರಡು ಬೆರಳು ದಪ್ಪ ಕರಿ ಕೆಸರು. ಬೆರಳು ಅದ್ದಿದರೆ ಗುರುತು ಹಾಗೇ ನಿಲ್ಲುತ್ತದೆ. ಮೇಲಿನ ತಂತಿ ಜಾಲರಿಯಲ್ಲಿ ಹೋದ ಸುಗ್ಗಿಯ ಭತ್ತದ ಹೊಟ್ಟು, ಒಂದೆರಡು ಒಣ ಮಿಡತೆ. ಎಂಜಿನ್ ಉಸಿರಾಡುವುದು ಈ ಕಿಂಡಿಯಿಂದ. ಅದು ಮುಚ್ಚಿದ್ದರೆ ಗಾಳಿ ಇಲ್ಲ, ಗಾಳಿ ಇಲ್ಲದೆ ಡೀಸೆಲ್ ಸುಡುವುದಿಲ್ಲ, ಡೀಸೆಲ್ ಸುಡದಿದ್ದರೆ ಗಾಡಿ ಎಳೆಯುವುದಿಲ್ಲ. ಇದಕ್ಕೆ ಮದ್ದು ಒಂದಿಷ್ಟು ಸೀಮೆಎಣ್ಣೆ, ಹೊಸ ಎಣ್ಣೆ, ಅರ್ಧ ತಾಸು.

ಸಾಹುಕಾರರು ನೋಡುತ್ತಾರೆ. ನೋಡಿ, "ಹೂಂ, ಅದನ್ನೂ ಮಾಡು. ಪಂಪ್ ಏರಿಸು" ಎನ್ನುತ್ತಾರೆ.

ಡೀಸೆಲ್ ಪಂಪಿಗೆ ಕಂಪನಿ ಸೀಲು ಹಾಕಿ ಕಳಿಸುವುದು ಸುಮ್ಮನೆ ಅಲ್ಲ. ಒಳಗೆ ಬರುವ ಗಾಳಿಗೆ ಎಷ್ಟು ಡೀಸೆಲ್ ಸುಡಬಲ್ಲದೋ ಅಷ್ಟಕ್ಕೆ ತಿರುಪು ಕಟ್ಟಿರುತ್ತಾರೆ. ಸೀಲು ಮುರಿದು ತಿರುಪು ಬಿಚ್ಚಿದರೆ ಡೀಸೆಲ್ ಹೆಚ್ಚು ಬೀಳುತ್ತದೆ, ಗಾಳಿ ಇದ್ದಷ್ಟೇ ಇರುತ್ತದೆ. ರಾಯಚೂರು ಜಿಲ್ಲೆಯ ಬೇಸಿಗೆಯಲ್ಲಂತೂ ಇದ್ದಷ್ಟೂ ಇರುವುದಿಲ್ಲ. ನಲವತ್ತು ಡಿಗ್ರಿ ದಾಟಿದಾಗ ಗಾಳಿಯೇ ತೆಳುವಾಗಿ ಟರ್ಬೊ ಇಲ್ಲದ ಎಂಜಿನ್ನಿನ ಶಕ್ತಿಯಲ್ಲಿ ನೂರಕ್ಕೆ ಐದಾರು ಪಾಲು ಸೂರ್ಯನೇ ಮುರಿದುಕೊಳ್ಳುತ್ತಾನೆ. ಹೆಚ್ಚಿಗೆ ಬಿದ್ದ ಡೀಸೆಲ್ ಅರೆಬೆಂದು ಕರಿಹೊಗೆಯಾಗಿ ಹೊರಗೆ ಬರುತ್ತದೆ. ಅದನ್ನು ನೋಡಿ ಊರು ಮೆಚ್ಚುತ್ತದೆ. "ಏನ್ ಉಗಳ್ತೈತಲೇ!" ಬಂಕಿನಲ್ಲಿ ಲೀಟರ್ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೊಂಡದ್ದನ್ನು ಆಕಾಶಕ್ಕೆ ಉಗುಳಿಸುವುದಕ್ಕೆ ನಮ್ಮಲ್ಲಿ ಪಿಕಪ್ ಎಂದು ಹೆಸರು. ಒಂದೆರಡು ಹಂಗಾಮು ಕಳೆದ ಮೇಲೆ ಹೆಡ್ ಇಳಿಸಿ ಪಿಸ್ಟನ್, ಲೈನರ್ ಹೊಸದು ಹಾಕಿಸುವಾಗ ಸಾಹುಕಾರರು ಕಂಪನಿಗೆ ಬೈಯುತ್ತಾರೆ. ವಾರಂಟಿ ಕೇಳಲು ಹೋದರೆ ಕಂಪನಿಯವರು ಸೀಲು ತೋರಿಸಿ ಎನ್ನುತ್ತಾರೆ. ಎಂಥ ಅನ್ಯಾಯ ನೋಡಿ.

ಇನ್ನು ಎಚ್‌ಪಿ ನಿಜಕ್ಕೂ ಏರಿತು ಎಂದೇ ಇಟ್ಟುಕೊಳ್ಳೋಣ. ಏರಿದ್ದು ಹೋಗುವುದೆಲ್ಲಿಗೆ? ನಾಟಿಗೆ ಮುಂಚೆ ನೀರು ನಿಲ್ಲಿಸಿದ ಎರೆಗದ್ದೆಗೆ ಇಳಿದರೆ ಟೈರು ನೆಲ ಹಿಡಿಯದೆ ನಿಂತಲ್ಲೇ ತಿರುಗುತ್ತದೆ. ಹಿಡಿತ ಇಲ್ಲದ ಕಡೆ ಐದು ಎಚ್‌ಪಿ ಹೆಚ್ಚು ಕೊಟ್ಟರೆ ಐದು ಎಚ್‌ಪಿಯಷ್ಟು ಹೆಚ್ಚು ಕೆಸರು ಸಿಡಿಯುತ್ತದೆ, ಅಷ್ಟೆ. ಈ ಸೀಮೆಯಲ್ಲಿ ಗಾಡಿಯ ದುಡಿಮೆಯನ್ನು ಖಂಡಿತ ಹೆಚ್ಚಿಸುವ ಸಾಮಾನು ಎಂದರೆ ಕೇಜ್ ವ್ಹೀಲ್, ಆ ಕಬ್ಬಿಣದ ಹಲ್ಲಿನ ಗಾಲಿ. ಕೆಸರಿನಲ್ಲಿ ಅದರ ಮುಂದೆ ಯಾವ ಟ್ಯೂನಿಂಗೂ ನಿಲ್ಲುವುದಿಲ್ಲ. ನಮ್ಮವರಿಗೆ ಅದರ ಮೇಲೆ ಎಷ್ಟು ಪ್ರೀತಿ ಎಂದರೆ ಗದ್ದೆಯ ಕೆಲಸ ಮುಗಿದರೂ ಬಿಚ್ಚಲು ಮನಸ್ಸು ಬರುವುದಿಲ್ಲ. ಹಾಗೇ ಡಾಂಬರಿಗೆ ಹತ್ತಿಸುತ್ತಾರೆ. ಹತ್ತಿಸಬೇಡಿ ಎಂದು ಪೊಲೀಸರು ಹಂಗಾಮಿಗೊಮ್ಮೆ ಎಚ್ಚರಿಕೆ ಕೊಡುತ್ತಾರೆ, ರಸ್ತೆ ಹಂಗಾಮಿಗೊಮ್ಮೆ ಉತ್ತುಹೋಗುತ್ತದೆ. ಆಮೇಲೆ ಅದೇ ರಸ್ತೆಯ ಗುಂಡಿಯಲ್ಲಿ ಅದೇ ಗಾಡಿಯ ಆಕ್ಸಲ್ ಮುರಿದಾಗ ಸಾಹುಕಾರರ ಮಗ ಮೊಬೈಲಿನಲ್ಲಿ ಫೋಟೋ ತೆಗೆದು, ಶಾಸಕರೇ ಎಲ್ಲಿದ್ದೀರಿ ಎಂದು ಹಾಕುತ್ತಾನೆ.

ಮಗನ ಸುದ್ದಿ ಬಂತಲ್ಲ. ಅವನದು ಟ್ರ್ಯಾಕ್ಟರಲ್ಲ, ಬುಲೆಟ್ಟು. ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರನ್ನೂ ಒಂದೇ ದಾರಕ್ಕೆ ಪೋಣಿಸಿದ ರಾಷ್ಟ್ರೀಯ ಹೆದ್ದಾರಿ 150ಎ ಅವನ ರೇಸ್ ಟ್ರ್ಯಾಕ್. 350 ಸಿಸಿಯ ಬುಲೆಟ್ ಕಂಪನಿಯಿಂದ ಬರುವಾಗ ಸುಮಾರು 20 ಎಚ್‌ಪಿ. ಅವನು ಮೊದಲ ವಾರದಲ್ಲೇ ಸೈಲೆನ್ಸರ್ ಕಿತ್ತು ಪಂಜಾಬಿ ಸೈಲೆನ್ಸರ್ ಹಾಕಿಸುತ್ತಾನೆ. ಅದರ ನಂತರವೂ ಗಾಡಿ ಸುಮಾರು 20 ಎಚ್‌ಪಿ. ಟ್ಯೂನಿಂಗ್ ಇಲ್ಲ, ಫಿಲ್ಟರ್ ಷೋರೂಮಿನಿಂದ ಬಂದದ್ದೇ. 175 ಸಿಸಿ ಮೀರಿದ ಬೈಕು ತಯಾರಾಗುವಾಗ ಸದ್ದು 80 ಡೆಸಿಬಲ್ ದಾಟಬಾರದು ಎಂದು ನಿಯಮ. ಈ ಲೆಕ್ಕದಲ್ಲಿ ಹತ್ತು ಡೆಸಿಬಲ್ ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟು. ಅಂದರೆ ಅವನ ಗಾಡಿ ನೂರಕ್ಕೆ ಮುಟ್ಟಿದರೆ ಸದ್ದು ನೂರು ಪಟ್ಟು, ಓಟ ಒಂದು ಪಟ್ಟು. ಹಟ್ಟಿಯ ಗಣಿಯಲ್ಲಿ ಟನ್ನುಗಟ್ಟಲೆ ಕಲ್ಲು ಅರೆದು ಗ್ರಾಂ ಲೆಕ್ಕದಲ್ಲಿ ಬಂಗಾರ ತೆಗೆಯುವ ಜಿಲ್ಲೆಯ ಹುಡುಗ ಅವನು, ಇಳುವರಿ ಕಡಿಮೆ ಬಂದರೆ ಎದೆಗುಂದುವವನಲ್ಲ. ಹಟ್ಟಿಯಲ್ಲಿ ಕಡೆಗೆ ಆ ಗ್ರಾಂ ಆದರೂ ಸಿಗುತ್ತದೆ.

ಕಾನೂನು ಕಣ್ಣು ಮುಚ್ಚಿ ಕೂತಿದೆ ಎನ್ನಬೇಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕಂಪನಿ ಕೊಟ್ಟ ಮೂಲ ಸ್ವರೂಪ ಬದಲಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಗಟ್ಟಿಮಾಡಿ ಹೇಳಿತು. ಅದೇ ವರ್ಷದ ತಿದ್ದುಪಡಿ ಪ್ರಕಾರ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಬೇಕಾದರೆ ಎರಡೂ. ಸಾಹುಕಾರರ ಮಗ ಇದನ್ನು ಓದಿ ಗಾಬರಿಯಾಗಲಿಲ್ಲ, ಬಜೆಟ್ಟಿಗೆ ಸೇರಿಸಿಕೊಂಡ. ಸೈಲೆನ್ಸರ್ ಇಷ್ಟು, ಫಿಟ್ಟಿಂಗ್ ಇಷ್ಟು, ದಂಡ ಇಷ್ಟು, ದಂಡ ಕಟ್ಟದ ಹಾಗೆ ಮಾವನಿಂದ ಫೋನ್ ಮಾಡಿಸಲು ಒಂದು ಬಿರಿಯಾನಿ ಖರ್ಚು.

ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಇಂಥ ಸೈಲೆನ್ಸರುಗಳನ್ನು ಸಾಲಾಗಿ ಮಲಗಿಸಿ ಮೇಲೆ ರೋಡ್ ರೋಲರ್ ಹಾಯಿಸಿದ್ದಾರೆ. ಪತ್ರಿಕೆಗಳಲ್ಲಿ ಫೋಟೋ ಚೆನ್ನಾಗಿ ಬಂದಿದೆ. ಅದನ್ನು ನೋಡಿದಾಗಲೆಲ್ಲ ನನಗೆ ಬೇರೆಯೇ ಆಸೆ. ಆ ರೋಲರ್ ಬಂದ ದಾರಿಯಲ್ಲೇ ನಾಲ್ಕು ಬುಟ್ಟಿ ಜಲ್ಲಿ, ಒಂದು ಡಬ್ಬಿ ಡಾಂಬರು ಸುರಿದಿದ್ದರೆ ರೋಲರಿಗೆ ತನ್ನ ಹುಟ್ಟಿನ ಉದ್ದೇಶ ನೆನಪಾಗುತ್ತಿತ್ತು.

ಹುಡುಗನನ್ನೇ ಆಡಿಕೊಂಡು ಏನು ಫಲ? ಕಾಣುವುದಕ್ಕೆ ಖರ್ಚು, ಕಾಣದ್ದಕ್ಕೆ ಕೈಚೀಲ ಬಿಗಿ, ಇದನ್ನು ಅವನು ಕಲಿತದ್ದು ದೊಡ್ಡವರಿಂದಲೇ. ಈ ಸೀಮೆಯ ಎಲ್ಲ ಟ್ರ್ಯಾಕ್ಟರುಗಳ ಹಿಂದಿರುವ ನಿಜವಾದ ಎಂಜಿನ್ ತುಂಗಭದ್ರಾ ಅಣೆಕಟ್ಟೆ. 33 ಕ್ರೆಸ್ಟ್ ಗೇಟು, ಎಪ್ಪತ್ತು ವರ್ಷದ ದುಡಿಮೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ಲಿಂಕು ಕಡಿದು ಗೇಟೇ ಕೊಚ್ಚಿಕೊಂಡು ಹೋಯಿತು. ಹರಿದುಹೋದ ನೀರನ್ನು ನೋಡಲು ಎಲ್ಲ ಪಕ್ಷದವರೂ ಸೈರನ್ ಹಾಕಿಕೊಂಡು ಬಂದರು. ಸೈರನ್ನುಗಳು ಒಂದೂ ಕೆಟ್ಟಿರಲಿಲ್ಲ, ಸರ್ವಿಸು ಸರಿಯಾಗಿ ಆಗಿತ್ತು. ಎಂಜಿನಿಯರ್ ಕನ್ನಯ್ಯ ನಾಯ್ಡು ಮತ್ತು ಕೆಲಸಗಾರರು ಹರಿಯುವ ನೀರಿನಲ್ಲಿ ಸ್ಟಾಪ್ ಲಾಗ್ ಎಂಬ ತಾತ್ಕಾಲಿಕ ಗೇಟು ಇಳಿಸಿ ವಾರದೊಳಗೆ ತಡೆದರು. ಸದ್ದು ಮಾಡದೆ ಕೆಲಸ ಮಾಡಿದವರು ಅವರು. ಕೊನೆಗೆ ಅವರಿಗೂ ಹಾರ, ಶಾಲು, ಮೈಕು ತಪ್ಪಲಿಲ್ಲ.

ಸದ್ದು ಬೇಕಾದ ಕಡೆ ನಮ್ಮಲ್ಲಿ ಸೈಲೆನ್ಸರ್ ಬಲು ಗಟ್ಟಿ. ಮಸ್ಕಿ ತಾಲೂಕಿನ ರೈತರು ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕೆಂದು ಪಾಮನಕಲ್ಲೂರಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತಾಗ ಅದು ಬೆಂಗಳೂರಿಗೆ ಎಷ್ಟು ಡೆಸಿಬಲ್ ಕೇಳಿಸಿತು ಎಂದು ಯಾರೂ ಅಳೆದಿಲ್ಲ. 2021ರ ಏಪ್ರಿಲ್‌ನಲ್ಲಿ ಮಸ್ಕಿಗೆ ಉಪಚುನಾವಣೆ ಬಂದಾಗ ಮಾತ್ರ ದೊಡ್ಡವರೆಲ್ಲರ ಕಿವಿ ಒಮ್ಮೆಲೇ ತೆರೆದುಕೊಂಡಿತು. ಮತ ಎಣಿಕೆ ಮುಗಿದ ಮೇಲೆ ಏನಾಯಿತೆಂದು ಪಾಮನಕಲ್ಲೂರಿನವರನ್ನು ಕೇಳಿ.

ಅಂದಹಾಗೆ ಸಾಹುಕಾರರ ಮಗನಿಗೆ ಈಗ ಕ್ವಾಡ್ ಬೈಕೇ ಬೇಕಂತೆ. ಟ್ರ್ಯಾಕ್ಟರ್ ಎಂದೇ ಪಾಸಾಗುತ್ತದಲ್ಲ, ಬೆಳೆಸಾಲದಲ್ಲಿ ಬರುತ್ತದಾ ಎಂದು ಸೊಸೈಟಿಯಲ್ಲಿ ವಿಚಾರಿಸಿ ಬಂದಿದ್ದಾನೆ. ಗಾಡಿ ಇನ್ನೂ ಬುಕ್ ಆಗಿಲ್ಲ, ಸೈಲೆನ್ಸರಿಗೆ ಮುಂಗಡ ಕೊಟ್ಟಾಗಿದೆ. ವೂಫರ್ ಕೂರಿಸಲು ಜಾಗ ಸಾಲದೆಂದು ಏರ್ ಫಿಲ್ಟರ್ ಡಬ್ಬಿಯನ್ನು ತೆಗೆಸಬಹುದಾ ಎಂದು ಮಿಸ್ತ್ರಿಯನ್ನು ಕೇಳುತ್ತಿದ್ದ.

"ತೆಗೀಬೌದು ತಮ್ಮಾ. ನಿಮ್ಮಪ್ಪಾರ ಗಾಡಿಗೆ ಇದ್ದೂ ಇಲ್ದಂಗ ಐತಿ" ಎಂದ ಮಿಸ್ತ್ರಿ.