ಲ್ಯಾಬಿನಲ್ಲಿ ವಿಳಾಸದ ಜಗಳ

ಶಾಲೆಯ ಲ್ಯಾಬಿನ ಪ್ರತಿ ಕಂಪ್ಯೂಟರಿಗೂ ಬೇರೆ ಬೇರೆ ಐಪಿ ವಿಳಾಸ ಬೇಕು. ಕೈಯಾರೆ ಹಂಚಲು ಹೊರಟರೆ 192.168.1.15 ಎರಡು ಯಂತ್ರಗಳ ಪಾಲಾಗಿ, ಒಂದೇ ಸೀಟಿಗೆ ಇಬ್ಬರು ಟವೆಲ್ ಹಾಕಿದ ಬಸ್ಸಿನಂತೆ ತಕರಾರು ಶುರು. ಈ ತಾಪತ್ರಯ ತಪ್ಪಿಸಲು 1993ರಲ್ಲಿ ಬಂದದ್ದು ಡಿಎಚ್‌ಸಿಪಿ: ಕೇಳಿದ ಯಂತ್ರಕ್ಕೆ ಖಾಲಿ ವಿಳಾಸ, ಅದೂ ಗಡುವಿನ ಮೇಲೆ. ಸಣ್ಣ ಜಾಲದಲ್ಲಿ ಸಾಮಾನ್ಯವಾಗಿ ಸಿಗುವುದು 254 ವಿಳಾಸ. ವಿಂಡೋಸ್ ಸರ್ವರ್ ತಾನಾಗಿ ಕೊಡುವ ಗಡುವು 8 ದಿನ. ಅಷ್ಟರಲ್ಲಿ ವೈಫೈಗೆ ಇಣುಕಿ ಹೋದ ಮೊಬೈಲುಗಳೇ ಅರ್ಧ ವಿಳಾಸ ನುಂಗಿರುತ್ತವೆ. ಲ್ಯಾಬಿಗೆ ಕೆಲವು ಗಂಟೆಗಳ ಗಡುವೇ ಧಾರಾಳ. ಪ್ರಿಂಟರಿಗೆ ಮಾತ್ರ ಅದರ ಯಂತ್ರಗುರುತಾದ ಮ್ಯಾಕ್ ಸಂಖ್ಯೆ ನೋಡಿ ಕಾಯಂ ವಿಳಾಸ ಕೊಡಬೇಕು. ಇಲ್ಲವಾದರೆ ಪ್ರಶ್ನೆಪತ್ರಿಕೆ ಅಚ್ಚಾಗಬೇಕಾದ ದಿನವೇ ಅದು ನಾಪತ್ತೆ. ವಿಳಾಸ 169.254 ಎಂದು ಶುರುವಾದರೆ ಡಿಎಚ್‌ಸಿಪಿ ಸರ್ವರ್ ಸಿಗದೆ ಯಂತ್ರ ತಾನೇ ವಿಳಾಸ ಇಟ್ಟುಕೊಂಡಿದೆ ಎಂದರ್ಥ. ತಜ್ಞರಿಗೆ ಫೋನ್ ಮಾಡುವ ಮೊದಲು ಕೇಬಲ್ ಒತ್ತಿ ನೋಡುವುದು ಲೇಸು.